ಅವರನ್ನೇ ಕೇಳಿ ನೋಡಿ

ಬೌದ್ಧಿಕ ಅಸಾಮರ್ಥ್ಯ ಇರುವವರಿಗಾಗಿ ನಮ್ಮ ವಿಶ್ವವಿದ್ಯಾಲಯದಲ್ಲಿ ಒಂದು ಕಾರ್ಯಕ್ರಮ ಇದೆ. ಅದರ ಸಂದರ್ಶನಕ್ಕೆ ಬರುವ ಅಪ್ಪ ಅಮ್ಮಂದಿರಿಗೆ ಒಂದು ಮಾತು ಮೊದಲೇ ಹೇಳಿರುತ್ತೇವೆ. ನೀವು ಹೊರಗೆ ಕೂತಿರಿ, ಮಗ ಅಥವಾ ಮಗಳು ಒಬ್ಬರೇ ಒಳಗೆ ಬರಲಿ. ಹೇಳಿದ್ದರೂ ಬಾಗಿಲ ತನಕ ಬಂದೇ ಬರುತ್ತಾರೆ. "ಅವನಿಗೆ ಸರಿಯಾಗಿ ಹೇಳೋಕೆ ಬರಲ್ಲ, ಪಕ್ಕದಲ್ಲಿ ಸುಮ್ನೆ ಕೂತಿರ್ತೀನಿ" ಅನ್ನುತ್ತಾರೆ. ಬೇಡ ಅನ್ನುವುದು ಕಷ್ಟ. ಹುಟ್ಟಿದ ದಿನದಿಂದ ಆ ಮಗುವಿನ ಪರವಾಗಿ ಡಾಕ್ಟರ ಹತ್ತಿರ, ಶಾಲೆಯ ಹತ್ತಿರ, ನೆಂಟರ ಹತ್ತಿರ ಮಾತಾಡಿ ಮಾತಾಡಿ ಬಂದವರು ಅವರು.

ಒಳಗೆ ಕೇಳುವ ಪ್ರಶ್ನೆಗಳು ಸರಳ. ಕಾಲೇಜಿಗೆ ಯಾಕೆ ಬರಬೇಕು ಅನಿಸುತ್ತಿದೆ? ಯಾವ ಕೆಲಸ ಇಷ್ಟ? ಯಾವುದು ಇಷ್ಟ ಇಲ್ಲ? ಸಿಟ್ಟು ಬಂದರೆ ಏನು ಮಾಡುತ್ತೀಯ? ಉತ್ತರ ಬರಲು ಹೊತ್ತು ಹಿಡಿಯುತ್ತದೆ. ನಾವು ಕಾಯುತ್ತೇವೆ. ಮಾತು ಕಷ್ಟವಾದವರು ಟ್ಯಾಬ್ಲೆಟ್‌ನಲ್ಲಿ ಚಿತ್ರ ಒತ್ತಿ ಹೇಳುತ್ತಾರೆ. ನಾನು ನೋಡಿದ ಮಟ್ಟಿಗೆ, 19-20 ವರ್ಷದ ಎಷ್ಟೋ ಜನರನ್ನು ಅಷ್ಟು ವರ್ಷದಲ್ಲಿ ಯಾರೂ ಹೀಗೆ ನೇರವಾಗಿ ಕೇಳಿರುವುದಿಲ್ಲ. ಅವರ ಬಗ್ಗೆ ಅವರ ಎದುರಿಗೇ ಇನ್ನೊಬ್ಬರನ್ನು ಕೇಳಿರುತ್ತಾರೆ, ಅಷ್ಟೇ.

ಅಮೆರಿಕದ ದಕ್ಷಿಣದ ಒಂದು ರಾಜ್ಯದ ವಿಶ್ವವಿದ್ಯಾಲಯದಲ್ಲಿ ನಾನು ಜಾಬ್ ಕೋಚ್, ಅಂದರೆ ವಿದ್ಯಾರ್ಥಿಗಳ ಜೊತೆಗಿದ್ದು ಕೆಲಸ ಕಲಿಸುವವಳು. ಡೌನ್ ಸಿಂಡ್ರೋಮ್ ಇರುವವರು, ಆಟಿಸಂ ಜೊತೆ ಬೌದ್ಧಿಕ ಅಸಾಮರ್ಥ್ಯವೂ ಇರುವವರು, ಕಾರಣ ಇಂಥದ್ದೇ ಅಂತ ಗೊತ್ತಿಲ್ಲದೆ ನಿಧಾನವಾಗಿ ಕಲಿಯುವವರು ನಮ್ಮ ವಿದ್ಯಾರ್ಥಿಗಳು. ಹೈಸ್ಕೂಲು ಮುಗಿಸಿ ದೊಡ್ಡವರ ಬದುಕಿಗೆ ಕಾಲಿಡುವ ನಡುವಿನ ವರ್ಷಗಳಿಗೆ ಅಂತಲೇ ಇರುವ ಕಾರ್ಯಕ್ರಮ ಇದು. ಕೆಲವು ಕಡೆ ಎರಡು ವರ್ಷ, ಕೆಲವು ಕಡೆ ನಾಲ್ಕು ವರ್ಷ.

ಯುಗಾದಿಗೋ ರಾಜ್ಯೋತ್ಸವಕ್ಕೋ ಇಲ್ಲಿನ ಕನ್ನಡದವರು ಸೇರಿದಾಗ ನನ್ನ ಕೆಲಸದ ಮಾತು ಬರುತ್ತದೆ. "ಕೊನೆಗೆ ಡಿಗ್ರಿ ಕೊಡ್ತಾರಾ?" ಅಂತ ಕೇಳುತ್ತಾರೆ. ಇಲ್ಲ, ಸರ್ಟಿಫಿಕೇಟ್ ಅನ್ನುತ್ತೇನೆ. "ಮತ್ತೆ ಅದರಿಂದ ಏನು ಉಪಯೋಗ?" ಕೇಳುವವರದ್ದು ಕೆಟ್ಟ ಮನಸ್ಸಲ್ಲ. ಆದರೆ ಅದೇ ಜನ ತಮ್ಮ ಬೇರೆ ಮಕ್ಕಳನ್ನು ಸಾವಿರ ಮೈಲಿ ದೂರದ ಕಾಲೇಜಿಗೆ ಕಳಿಸುವಾಗ ಹೀಗೆ ಕೇಳುವುದಿಲ್ಲ. ಅಲ್ಲಿ ಹುಡುಗ ಸ್ನೇಹಿತರನ್ನು ಮಾಡಿಕೊಳ್ಳುತ್ತಾನೆ, ತಡವಾಗಿ ಏಳುತ್ತಾನೆ, ಓದುವ ಮುಖ್ಯ ವಿಷಯ ಬದಲಾಯಿಸುತ್ತಾನೆ, ಯಾರನ್ನೋ ಇಷ್ಟಪಡುತ್ತಾನೆ, ಮನೆಗೆ ಫೋನ್ ಮಾಡುವುದು ಕಡಿಮೆ ಮಾಡುತ್ತಾನೆ. ಅದೆಲ್ಲ ಸಹಜ ಅಂತ ಬಿಡುತ್ತೇವೆ. ಆ ವರ್ಷಗಳು ಅವನಿಗೆ ಸಲ್ಲಬೇಕಾದ್ದು ಅಂತ ಒಪ್ಪಿಕೊಂಡಿರುತ್ತೇವೆ. ನನ್ನ ವಿದ್ಯಾರ್ಥಿಗಳು ಮಾತ್ರ ಅದೇ ವರ್ಷಗಳಿಗೆ ಉಪಯೋಗದ ಲೆಕ್ಕ ಒಪ್ಪಿಸಬೇಕು. ಇದು ನ್ಯಾಯ ಅಲ್ಲ.

ಈ ಕಾರ್ಯಕ್ರಮಗಳು ಯಾಕೆ ಹುಟ್ಟಿದವು ಅಂತ ಸ್ವಲ್ಪ ಹೇಳಬೇಕು. ಅಮೆರಿಕದಲ್ಲಿ ವಿಕಲಚೇತನ ಮಕ್ಕಳನ್ನೆಲ್ಲ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಲೇಬೇಕು ಅನ್ನುವ ರಾಷ್ಟ್ರಮಟ್ಟದ ಕಾನೂನು ಬಂದದ್ದು 1975ರಲ್ಲಿ. ಅಲ್ಲಿಯವರೆಗೆ ಎಷ್ಟೋ ಮಕ್ಕಳನ್ನು ಶಾಲೆಗಳು ವಾಪಸ್ ಕಳಿಸುತ್ತಿದ್ದವು. ಇವತ್ತು ಆ ಹಕ್ಕು ಬಹುತೇಕ ರಾಜ್ಯಗಳಲ್ಲಿ 21 ಅಥವಾ 22ನೇ ವಯಸ್ಸಿನ ತನಕ ಇದೆ. ಪ್ರತಿ ಮಗುವಿಗೂ ಬರೆದಿಟ್ಟ ಯೋಜನೆ ಇರುತ್ತದೆ. 16 ತುಂಬುವ ಹೊತ್ತಿಗೆ ಮುಂದೇನು ಅನ್ನುವುದನ್ನೂ ಅದರಲ್ಲಿ ಸೇರಿಸಬೇಕು. ಶಾಲೆಯ ಬಸ್ಸು ಮನೆ ಮುಂದೆ ಬರುತ್ತದೆ, ಸ್ಪೀಚ್ ಥೆರಪಿ ಶಾಲೆಯಲ್ಲೇ ಸಿಗುತ್ತದೆ. ಶಾಲೆ ಮುಗಿದ ದಿನ ಎಲ್ಲವೂ ಒಟ್ಟಿಗೆ ನಿಲ್ಲುತ್ತದೆ. ಅಲ್ಲಿಂದ ಮುಂದೆ ಹಕ್ಕು ಅನ್ನುವುದಿಲ್ಲ. ಅರ್ಜಿ, ಅರ್ಹತೆ, ಕಾಯುವ ಪಟ್ಟಿ ಶುರುವಾಗುತ್ತವೆ. ಇಲ್ಲಿನ ತಂದೆ ತಾಯಂದಿರು ಇದನ್ನು ಪ್ರಪಾತದ ಅಂಚು ಅಂತಲೇ ಕರೆಯುತ್ತಾರೆ.

ಆ ಅಂಚಿನ ಆಚೆ ಇದ್ದದ್ದು ಎರಡೇ. ಒಂದು, ಮನೆ. ಇನ್ನೊಂದು, ಇಂಥವರನ್ನೇ ಒಟ್ಟು ಸೇರಿಸಿ ಪೊಟ್ಟಣ ಕಟ್ಟಿಸುವ, ನಟ್ಟು ಬೋಲ್ಟು ಎಣಿಸುವ ಕೆಲಸ ಕೊಡುವ ಜಾಗಗಳು. 1938ರ ಕಾರ್ಮಿಕ ಕಾನೂನಿನ ಒಂದು ಕಲಮಿನ ಪ್ರಕಾರ ವಿಕಲಚೇತನರಿಗೆ ಕನಿಷ್ಠ ಕೂಲಿಗಿಂತ ಕಡಿಮೆ ಕೊಡಲು ಅನುಮತಿ ಪಡೆಯಬಹುದಿತ್ತು. ಹಲವು ರಾಜ್ಯಗಳು ಈಚೆಗೆ ಇದನ್ನು ನಿಲ್ಲಿಸಿವೆ.

ಮೂರನೇ ದಾರಿ ಬೇಕು ಅಂತ ಮೊದಲು ಹಟ ಹಿಡಿದವರು ಪೋಷಕರೇ. ಕೆನಡಾದ ಎಡ್ಮಂಟನ್‌ನಲ್ಲಿ, ಅಲ್ಬರ್ಟಾ ವಿಶ್ವವಿದ್ಯಾಲಯದಲ್ಲಿ 1987ರಲ್ಲಿ ಇಂಥ ವಿದ್ಯಾರ್ಥಿಗಳು ಮಾಮೂಲಿ ತರಗತಿಗಳಲ್ಲಿ ಕೂತರು. ಅಮೆರಿಕದಲ್ಲಿ ಅಲ್ಲೊಂದು ಇಲ್ಲೊಂದು ಶುರುವಾದವು. ವರ್ಜೀನಿಯಾದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದ್ದು 2002ರದ್ದು. ಆಮೇಲೆ ಕ್ಲೆಮ್ಸನ್, ವ್ಯಾಂಡರ್ಬಿಲ್ಟ್ ವಿಶ್ವವಿದ್ಯಾಲಯಗಳದ್ದು ಬಂದವು. ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಹಾಸ್ಟೆಲ್ ವಾಸದ ನಾಲ್ಕು ವರ್ಷದ ಕಾರ್ಯಕ್ರಮ ಆರಂಭವಾದದ್ದು 2021ರಲ್ಲಿ. ಈಗ ದೇಶದಲ್ಲಿ 300ಕ್ಕೂ ಹೆಚ್ಚು ಇವೆ. ಅವುಗಳ ಪಟ್ಟಿಯನ್ನು ಬಾಸ್ಟನ್‌ನ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಲ್ಲಿರುವ ಥಿಂಕ್ ಕಾಲೇಜ್ ಅನ್ನುವ ಸಂಸ್ಥೆ ಇಟ್ಟಿದೆ.

ನಿಜವಾದ ತಿರುವು ಅಂದರೆ 2008ರ ಉನ್ನತ ಶಿಕ್ಷಣ ಕಾನೂನು. ಅದಕ್ಕೆ ಮೊದಲು ಕೇಂದ್ರ ಸರ್ಕಾರದ ಸಹಾಯಧನ ಬೇಕಿದ್ದರೆ ಹೈಸ್ಕೂಲ್ ಡಿಪ್ಲೊಮಾದಂಥ (ಹೈಸ್ಕೂಲು ಪಾಸಾದ ಪ್ರಮಾಣಪತ್ರದಂಥ) ಅರ್ಹತೆ ಇರಬೇಕಿತ್ತು, ಡಿಗ್ರಿಯಂಥ ಮಾನ್ಯ ಕೋರ್ಸಿಗೆ ಸೇರಿರಬೇಕಿತ್ತು. ಈ ಕಾನೂನು ಬೌದ್ಧಿಕ ಅಸಾಮರ್ಥ್ಯ ಇರುವವರಿಗೆ ಆ ಎರಡೂ ಷರತ್ತುಗಳನ್ನು ತೆಗೆಯಿತು. ಸರ್ಕಾರ ಒಪ್ಪಿದ ಕಾರ್ಯಕ್ರಮಕ್ಕೆ ಸೇರಿದರೆ ಪೆಲ್ ಗ್ರಾಂಟ್ ಅನ್ನುವ, ವಾಪಸ್ ಕಟ್ಟಬೇಕಿಲ್ಲದ ಸಹಾಯಧನ ಸಿಗಬಹುದು, ಕ್ಯಾಂಪಸ್ ಕೆಲಸದ ಹಣವೂ ಸಿಗಬಹುದು. ಜೊತೆಗೆ ಕಾಲೇಜಿಗೂ ಒಂದು ಷರತ್ತು ಹಾಕಿತು: ವಿದ್ಯಾರ್ಥಿಯ ಕಲಿಕೆಯಲ್ಲಿ ಕನಿಷ್ಠ ಅರ್ಧದಷ್ಟಾದರೂ ವೈಕಲ್ಯ ಇಲ್ಲದವರ ಜೊತೆಯಲ್ಲೇ ಆಗಬೇಕು. ಡಿಗ್ರಿ ಇಲ್ಲದಿದ್ದರೂ ಇದು ಕಾಲೇಜೇ ಅಂತ ಕಾನೂನೇ ಹೇಳಿದಂತಾಯಿತು. ನನಗೆ ಇದರಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇದೇ.

ನನ್ನ ತಮ್ಮ ಹಾಸನದಲ್ಲಿದ್ದಾನೆ. ಅವನಿಗೆ ಡೌನ್ ಸಿಂಡ್ರೋಮ್. ವಿಶೇಷ ಶಾಲೆ 18ಕ್ಕೆ ಮುಗಿಯಿತು. ಆಮೇಲೆ ಮನೆ, ಅಣ್ಣನ ಅಂಗಡಿ. ಅಂಗಡಿಯಲ್ಲಿ ಕೂತು ಬಂದವರಿಗೆ ನಮಸ್ಕಾರ ಹೇಳುತ್ತಾನೆ. ಬೀದಿಯಲ್ಲಿ ಎಲ್ಲರಿಗೂ ಅವನು ಗೊತ್ತು. ಒಂದು ದಿನ ಅಂಗಡಿಗೆ ಬರದಿದ್ದರೆ ನಾಲ್ಕು ಜನ ವಿಚಾರಿಸುತ್ತಾರೆ. ಪ್ರೀತಿಗೆ ಕೊರತೆ ಇಲ್ಲ. ಆದರೆ ಯಾವ ಅಂಗಿ ಹಾಕಬೇಕು ಅನ್ನುವುದು ಅಮ್ಮನಿಗೆ ಗೊತ್ತು, ಏನು ತಿನ್ನಬೇಕು ಅನ್ನುವುದು ಅತ್ತಿಗೆಗೆ ಗೊತ್ತು, ಯಾವ ಮದುವೆಗೆ ಕರೆದುಕೊಂಡು ಹೋಗಬೇಕು, ಯಾವುದಕ್ಕೆ ಬೇಡ ಅನ್ನುವುದು ಅಣ್ಣನಿಗೆ ಗೊತ್ತು. ಅವನಿಗೆ ನಲವತ್ತು ದಾಟಿದೆ. ಅವನ ದಿನದಲ್ಲಿ ಅವನೇ ತೀರ್ಮಾನ ಮಾಡುವ ಸಂಗತಿ ಯಾವುದು ಅಂತ ಯೋಚಿಸಿದರೆ ನನಗೆ ಒಂದೆರಡೂ ಹೊಳೆಯುವುದಿಲ್ಲ. ಇದು ಮನೆಯವರ ತಪ್ಪಲ್ಲ. ಅವರಿಗೆ ಬೇರೆ ದಾರಿ ಯಾರೂ ತೋರಿಸಲಿಲ್ಲ.

ನಮ್ಮ ದೇಶದ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಒಳ್ಳೆಯ ಕಾಯ್ದೆ. 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕು ಕೊಟ್ಟಿದೆ. ಸರ್ಕಾರಿ ಮತ್ತು ಅನುದಾನಿತ ಕಾಲೇಜುಗಳಲ್ಲಿ ಶೇಕಡಾ 5ರಷ್ಟು ಸೀಟು ಮೀಸಲಿಟ್ಟಿದೆ. ಆದರೆ ಆ ಸೀಟು ಹಿಡಿಯಬೇಕಾದರೆ ಪಿಯುಸಿ ಪಾಸಾಗಿರಬೇಕು, ಕೂತ ಮೇಲೆ ಎಲ್ಲರ ಪರೀಕ್ಷೆಯನ್ನೇ ಬರೆಯಬೇಕು. ಕಣ್ಣು ಕಾಣದ, ಕಾಲಿಲ್ಲದ ವಿದ್ಯಾರ್ಥಿಗೆ ಅದು ಬಾಗಿಲು ತೆರೆಯುತ್ತದೆ. ನನ್ನ ತಮ್ಮನಂಥವರ ಹತ್ತಿರ ಅದು ಸುಳಿಯುವುದೂ ಇಲ್ಲ.

ಇಂಥ ಕಾರ್ಯಕ್ರಮ ನಮ್ಮ ಊರುಗಳಲ್ಲೂ ಶುರು ಮಾಡಲು ಕೋಟಿಗಟ್ಟಲೆ ದುಡ್ಡು ಬೇಕಾಗಿಲ್ಲ ಅಂತ ನನಗೆ ಬಲವಾಗಿ ಅನಿಸುತ್ತದೆ. ಜಿಲ್ಲಾ ಕೇಂದ್ರದ ಒಂದು ಡಿಗ್ರಿ ಕಾಲೇಜು ತೆಗೆದುಕೊಳ್ಳಿ. ಅಲ್ಲಿ ಗ್ರಂಥಾಲಯ ಇದೆ, ಕ್ಯಾಂಟೀನ್ ಇದೆ, ಜೆರಾಕ್ಸ್ ಅಂಗಡಿ ಇದೆ, ತೋಟ ಇದೆ. ಎನ್ಎಸ್ಎಸ್ ಘಟಕ ಇದೆ. ಎನ್ಎಸ್ಎಸ್ ಹುಡುಗರು ವರ್ಷಕ್ಕೆ 120 ಗಂಟೆ ಸೇವೆ ಮಾಡಬೇಕು. ಅದರಲ್ಲಿ ಒಂದಿಷ್ಟು ಗಂಟೆ ತಮ್ಮದೇ ವಯಸ್ಸಿನ ಒಬ್ಬನ ಜೊತೆ ಗ್ರಂಥಾಲಯಕ್ಕೆ ಹೋಗುವುದಕ್ಕೆ, ಊಟ ಮಾಡುವುದಕ್ಕೆ, ಬಸ್ ಹತ್ತುವುದಕ್ಕೆ ಕೊಟ್ಟರೆ ಅರ್ಧ ಕಾರ್ಯಕ್ರಮ ಅಲ್ಲೇ ಆಯಿತು. ಉಳಿದರ್ಧಕ್ಕೆ ತರಬೇತಿ ಪಡೆದ ಒಬ್ಬಿಬ್ಬರು ಮತ್ತು ಒಪ್ಪುವ ಒಬ್ಬ ಪ್ರಿನ್ಸಿಪಾಲ್ ಬೇಕು.

ಇಲ್ಲಿ ಅಮೆರಿಕದಲ್ಲಿ ನಡೆಯುವುದೂ ಹೆಚ್ಚುಕಡಿಮೆ ಹೀಗೇ. ವಿದ್ಯಾರ್ಥಿ ಒಂದು ಸೆಮಿಸ್ಟರಿಗೆ ಒಂದೆರಡು ಮಾಮೂಲಿ ಕ್ಲಾಸುಗಳನ್ನು ಆಡಿಟ್ ಮಾಡುತ್ತಾರೆ. ಅಂದರೆ ಕ್ರೆಡಿಟ್ ಇಲ್ಲದೆ ಕೂತು ಕಲಿಯುವುದು. ಪ್ರೊಫೆಸರ್, ವಿದ್ಯಾರ್ಥಿ, ನಮ್ಮಲ್ಲೊಬ್ಬರು ಮೊದಲೇ ಕೂತು ಒಂದು ಒಪ್ಪಂದ ಬರೆಯುತ್ತೇವೆ. ಎಲ್ಲರೂ ಹತ್ತು ಪುಟದ ಪ್ರಬಂಧ ಬರೆದರೆ ಇವರು ಅದೇ ವಿಷಯದ ಮೇಲೆ ಐದು ಚಿತ್ರ ಇಟ್ಟುಕೊಂಡು ಮಾತಾಡಬಹುದು. ಕೆಲವು ಪ್ರೊಫೆಸರುಗಳು ಮೊದಲು ಹಿಂಜರಿಯುತ್ತಾರೆ. ಒಂದು ಸಲ ಒಪ್ಪಿದವರು ಮುಂದಿನ ವರ್ಷ ತಾವೇ ಕೇಳುತ್ತಾರೆ. ಡೌನ್ ಸಿಂಡ್ರೋಮ್ ಇರುವ ಹುಡುಗಿ ಮುಂದಿನ ಸಾಲಿನಲ್ಲಿ ಕೂತು, ಅರ್ಥವಾಗದ್ದನ್ನು ನಾಚಿಕೆಯಿಲ್ಲದೆ "ಅಂದ್ರೇನು?" ಅಂತ ಕೇಳುತ್ತಾಳೆ. ಅರ್ಧ ಕ್ಲಾಸಿಗೆ ಅದೇ ಬೇಕಾಗಿರುತ್ತದೆ.

ಉಳಿದ ಹೊತ್ತೆಲ್ಲ ಬದುಕಿನ ಪಾಠ. ಅಪಾರ್ಟ್‌ಮೆಂಟಿನಲ್ಲಿ ರೂಂಮೇಟ್ ಜೊತೆ ಜಗಳ ಆದರೆ ಏನು ಮಾಡಬೇಕು. ಮಾತ್ರೆ ಮರೆಯದೆ ತೆಗೆದುಕೊಳ್ಳುವುದು ಹೇಗೆ. ಕಾರ್ಡಿನಲ್ಲಿ ಎಷ್ಟು ದುಡ್ಡಿದೆ ಅಂತ ನೋಡಿಯೇ ಪಿಜ್ಜಾ ತರಿಸುವುದು. ಫೋನಿನಲ್ಲಿ ಬಂದ ಸಿಹಿ ಮಾತು ನಂಬಿ ದುಡ್ಡು ಕಳಿಸಬಾರದು. ಮೈ ಮುಟ್ಟುವ ಮುಂಚೆ ಕೇಳಬೇಕು, ಬೇಡ ಅಂದರೆ ಬೇಡ. ಈ ಕೊನೆಯದನ್ನು ಮನೆಯಲ್ಲಿ ಯಾರೂ ಹೇಳಿಕೊಟ್ಟಿರುವುದಿಲ್ಲ. ಮಗ ಇನ್ನೂ ಮಗುವೇ ಅಂತ ಅಂದುಕೊಂಡಿರುತ್ತಾರೆ. ಅವನಿಗೆ 21 ವರ್ಷ, ಮೈಯೂ ಮನಸ್ಸೂ 21ರದ್ದೇ.

ಬಸ್ಸಿನಲ್ಲಿ ಓಡಾಡುವುದನ್ನು ಕಲಿಸುವ ಕ್ರಮ ನನಗೆ ತುಂಬಾ ಇಷ್ಟ. ಮೊದಲು ಪಕ್ಕದಲ್ಲಿ ಕೂರುತ್ತೇವೆ. ಆಮೇಲೆ ಎರಡು ಸೀಟು ಹಿಂದೆ. ಆಮೇಲೆ ಇಳಿಯುವ ಸ್ಟಾಪಿನಲ್ಲಿ ಮಾತ್ರ ಕಾಯುತ್ತೇವೆ. ಕೊನೆಗೆ ಫೋನ್ ಮಾತ್ರ. ಕೆಲಸದ ಜಾಗದಲ್ಲೂ ಹೀಗೇ. ಕೆಲಸವನ್ನು ಸಣ್ಣ ಸಣ್ಣ ಹೆಜ್ಜೆಗಳಾಗಿ ಒಡೆದು, ಚಿತ್ರದ ಪಟ್ಟಿ ಮಾಡಿ, ಮೊದಲು ಜೊತೆಗೆ ನಿಂತು, ದಿನ ಕಳೆದಂತೆ ಹಿಂದೆ ಸರಿಯಬೇಕು. ನಾನು ಸರಿದ ಜಾಗಕ್ಕೆ ಪಕ್ಕದ ಸಹೋದ್ಯೋಗಿ ಬರಬೇಕು. ಜಾಬ್ ಕೋಚ್ ಕಾಯಂ ಆಗಿ ಪಕ್ಕದಲ್ಲೇ ನಿಂತಿದ್ದರೆ ಆ ಹುಡುಗನ ಹತ್ತಿರ ಯಾರೂ ಮಾತಾಡುವುದಿಲ್ಲ, ಎಲ್ಲರೂ ಕೋಚ್ ಹತ್ತಿರವೇ ಮಾತಾಡುತ್ತಾರೆ.

ಕೆಲವು ವರ್ಷದ ಹಿಂದೆ ನಮ್ಮ ಕಡೆಯ ಒಂದು ಕುಟುಂಬದ ಹುಡುಗ ಬಂದಿದ್ದ. ತಂದೆ ಸಾಫ್ಟ್‌ವೇರ್‌ನಲ್ಲಿದ್ದರು. ಮಗನಿಗೆ ಡೇಟಾ ಎಂಟ್ರಿ ಕಲಿಸಿ ಅನ್ನುವುದು ಅವರ ಆಸೆ. ಮೊದಲ ಸೆಮಿಸ್ಟರಿನಲ್ಲಿ ಅದನ್ನೇ ಕೊಟ್ಟೆವು. ಹುಡುಗ ಬೈದಿಲ್ಲ, ಬೇಡ ಅಂದಿಲ್ಲ. ದಿನಾ ಕುರ್ಚಿಯಲ್ಲಿ ಕೂತು ನಿದ್ದೆ ಮಾಡಿದ. ಎರಡನೇ ಸೆಮಿಸ್ಟರಿಗೆ ನಾಲ್ಕೈದು ಜಾಗ ತೋರಿಸಿ ಅವನನ್ನೇ ಆರಿಸಲು ಬಿಟ್ಟೆವು. ಅವನು ಡೈನಿಂಗ್ ಹಾಲಿನ ಹಿಂದಿನ ಪಾತ್ರೆ ತೊಳೆಯುವ ಕೋಣೆಯಲ್ಲಿ ನಿಂತುಬಿಟ್ಟ. ದೊಡ್ಡ ಯಂತ್ರ, ಹಬೆ, ಸದ್ದು, ಜೋರಾಗಿ ಮಾತಾಡಿಕೊಂಡು ನಗುವ ನಾಲ್ಕು ಜನ. ಇಲ್ಲೇ ಅಂದ.

ತಂದೆ ಫೋನ್ ಮಾಡಿದರು. "ನೋಡಿ ಮೇಡಂ, ನನ್ನ ಮಗ ಅಮೆರಿಕಕ್ಕೆ ಬಂದು ಎಂಜಲು ಪಾತ್ರೆ ತೊಳೀಬೇಕಾ?" ಆ ದನಿಯಲ್ಲಿದ್ದ ನೋವು ಸುಳ್ಳಲ್ಲ. ಅದರಲ್ಲಿ ಜಾತಿ ಇತ್ತು, ಅಂತಸ್ತು ಇತ್ತು, ಊರಿನವರಿಗೆ ಏನು ಹೇಳಲಿ ಅನ್ನುವುದು ಇತ್ತು, ಮಗನ ಬಗ್ಗೆ ಇಟ್ಟುಕೊಂಡಿದ್ದ ಕೊನೆಯ ಆಸೆಯೂ ಇತ್ತು. ನಾನು ವಾದ ಮಾಡಲಿಲ್ಲ. ಒಂದು ಸಲ ಬಂದು ಅವನು ಕೆಲಸ ಮಾಡುವುದನ್ನು ನೋಡಿ ಅಂದೆ. ಬರಲಿಲ್ಲ. ತಾಯಿ ಬಂದರು. ಗಾಜಿನ ಆಚೆ ನಿಂತು ನೋಡಿದರು. ಮಗ ಟ್ರೇ ಜೋಡಿಸುತ್ತಾ ಪಕ್ಕದವನಿಗೆ ಏನೋ ಹೇಳಿ ನಗಿಸುತ್ತಿದ್ದ. ತಾಯಿ ಕೇಳಿದ್ದು ಒಂದೇ: "ಇವನು ಜೋಕ್ ಹೇಳ್ತಾನಾ?" ಇವತ್ತು ಆ ಹುಡುಗ ಒಂದು ಆಸ್ಪತ್ರೆಯ ಅಡುಗೆಮನೆಯಲ್ಲಿ ಎಲ್ಲರ ಸಮಾನ ಕೂಲಿಗೆ ಕೆಲಸ ಮಾಡುತ್ತಾನೆ. ಫೋನ್ ಬಿಲ್ ಅವನೇ ಕಟ್ಟುತ್ತಾನೆ. ತಂದೆಗೆ ಈಗಲೂ ಪೂರ್ತಿ ಸಮಾಧಾನ ಇಲ್ಲ ಅಂತ ಕೇಳಿದ್ದೇನೆ. ಆದರೂ ಬೆಳಗಿನ ಪಾಳಿಗೆ ಕಾರಿನಲ್ಲಿ ಬಿಟ್ಟು ಬರುವವರು ಅವರೇ.

18 ತುಂಬಿದ ಮೇಲೆ ಇಲ್ಲಿ ಕಾನೂನೂ ವಿದ್ಯಾರ್ಥಿಯ ಕಡೆ ತಿರುಗುತ್ತದೆ. 1974ರ ಒಂದು ಕಾನೂನಿನ ಪ್ರಕಾರ ಕಾಲೇಜಿನ ದಾಖಲೆಗಳು ವಿದ್ಯಾರ್ಥಿಯದ್ದು. ಸಾಮಾನ್ಯವಾಗಿ ಅವರ ಸಹಿ ಇಲ್ಲದೆ ಅಪ್ಪ ಅಮ್ಮನಿಗೆ ತೋರಿಸುವುದಿಲ್ಲ. ಇದನ್ನು ವಿವರಿಸಿದ ದಿನ ಸುಮಾರು ವಿದ್ಯಾರ್ಥಿಗಳು ಸಹಿ ಹಾಕುತ್ತಾರೆ. ಒಬ್ಬಿಬ್ಬರು ಮಾತ್ರ ತುಂಬಾ ಯೋಚಿಸಿ, "ಇದು ತೋರಿಸಿ, ಇದು ಬೇಡ" ಅನ್ನುತ್ತಾರೆ. ಆಗ ನನಗೆ ಖುಷಿಯಾಗುತ್ತದೆ. ಕೋರ್ಟಿಗೆ ಹೋಗಿ ಮಗನ ಪೂರ್ತಿ ಪಾಲಕತ್ವ ತೆಗೆದುಕೊಳ್ಳುವುದು ಹಳೆಯ ದಾರಿ. ತೀರ್ಮಾನ ಅವರದ್ದೇ, ನೆರವಿಗೆ ಅವರೇ ಆರಿಸಿಕೊಂಡ ಜನ ಅನ್ನುವುದು ಹೊಸ ದಾರಿ. ಟೆಕ್ಸಸ್ 2015ರಲ್ಲಿ ಇದಕ್ಕೆ ಕಾನೂನಿನ ರೂಪ ಕೊಟ್ಟ ಮೊದಲ ರಾಜ್ಯ.

ಎಲ್ಲವೂ ಚೆನ್ನಾಗಿದೆ ಅಂತ ನಾನು ಹೇಳುವುದಿಲ್ಲ. ಹಾಸ್ಟೆಲ್ ಇರುವ ಕಾರ್ಯಕ್ರಮಕ್ಕೆ ವರ್ಷಕ್ಕೆ ಹತ್ತಾರು ಸಾವಿರ ಡಾಲರ್ ಬೇಕು. ಪೆಲ್ ಗ್ರಾಂಟ್ ಹೆಚ್ಚೆಂದರೆ 7,395 ಡಾಲರ್, ಅದೂ ಕಡಿಮೆ ಆದಾಯದವರಿಗೆ. ಸರ್ಕಾರದ ವಿದ್ಯಾರ್ಥಿ ಸಾಲ ಈ ಮಕ್ಕಳಿಗೆ ಇಲ್ಲ. ಕೆಲವು ಕಾರ್ಯಕ್ರಮಗಳು ಚೆನ್ನಾಗಿ ಮಾತಾಡುವ, ತಾವೇ ಓಡಾಡುವ ಮಕ್ಕಳನ್ನಷ್ಟೇ ಆರಿಸಿಕೊಳ್ಳುತ್ತವೆ. ಹೆಚ್ಚು ನೆರವು ಬೇಕಾದವರು ಅಲ್ಲೂ ಹೊರಗೇ ಉಳಿಯುತ್ತಾರೆ. ಓದು ಮುಗಿದ ಮೇಲೆ ಒಳ್ಳೆಯ ಕೆಲಸ, ಸ್ವಂತ ಬಾಡಿಗೆ ಮನೆ ಇದ್ದೂ ಶನಿವಾರ ಭಾನುವಾರ ಬಾಗಿಲು ತಟ್ಟುವವರು ಇಲ್ಲದ ಹಳೆಯ ವಿದ್ಯಾರ್ಥಿಗಳು ನನಗೆ ಗೊತ್ತು. ನನ್ನ ತಮ್ಮನ ಬೀದಿ ಅವರಿಗೆ ಸಿಕ್ಕಿಲ್ಲ.

ನಮ್ಮವರಿಗೆ ಇನ್ನೊಂದು ಕಷ್ಟ ಇದೆ. ಕೆಲಸಕ್ಕಾಗಿ ಕೊಡುವ ಎಚ್-1ಬಿ ವೀಸಾದಲ್ಲಿರುವವರ ಮಕ್ಕಳಿಗೆ ಕೇಂದ್ರದ ಸಹಾಯಧನ ಸಿಗುವುದಿಲ್ಲ, ಗ್ರೀನ್ ಕಾರ್ಡ್ (ಕಾಯಂ ವಾಸದ ಅನುಮತಿ) ಬೇಕು. ಅವಲಂಬಿತರ ಎಚ್-4 ವೀಸಾ 21ಕ್ಕೆ ಮುಗಿಯುತ್ತದೆ. ಗ್ರೀನ್ ಕಾರ್ಡಿನ ಸಾಲಿನಲ್ಲಿ ವರ್ಷಗಟ್ಟಲೆ ನಿಂತ ಭಾರತೀಯ ಕುಟುಂಬಗಳಲ್ಲಿ ಇಂಥ ಮಗು ಇದ್ದರೆ ಶಾಲೆಯ ಅಂಚೂ ವೀಸಾದ ಅಂಚೂ ಹೆಚ್ಚುಕಡಿಮೆ ಒಟ್ಟಿಗೆ ಬರುತ್ತವೆ. ಬೇರೆ ಮಕ್ಕಳು ವಿದ್ಯಾರ್ಥಿ ವೀಸಾಗೆ ಬದಲಾಯಿಸಿಕೊಳ್ಳುತ್ತಾರೆ. ಇವರಿಗೆ ಅದೂ ಸುಲಭವಿಲ್ಲ. ಮಗಳಿಗೆ 12 ಆಗುವಾಗಲೇ ಒಬ್ಬ ವಲಸೆ ವಕೀಲರ ಹತ್ತಿರ ಕೂತು ಮಾತಾಡಿ ಅಂತ ನಾನು ಕೇಳಿದವರಿಗೆಲ್ಲ ಹೇಳುತ್ತೇನೆ.

ಹಾಗೆಯೇ ಹೈಸ್ಕೂಲ್ ಡಿಪ್ಲೊಮಾ ವಿಷಯ. ಮಾಮೂಲಿ ಡಿಪ್ಲೊಮಾ ಕೈಗೆ ಬಂದರೆ ಶಾಲೆಯ ಹಕ್ಕು ಅಲ್ಲಿಗೆ ಮುಗಿಯಿತು, 18ಕ್ಕೆ ಆದರೂ ಸರಿ. ಎಷ್ಟೋ ಕಡೆ ಜೊತೆಯವರೊಂದಿಗೆ ಗೌನು ಹಾಕಿ ವೇದಿಕೆ ಮೇಲೆ ನಡೆದು, ಡಿಪ್ಲೊಮಾವನ್ನು ಮಾತ್ರ ಮುಂದೂಡಬಹುದು. ಹಾಗೆ ಉಳಿಸಿಕೊಂಡ ವರ್ಷಗಳಲ್ಲಿ ಶಾಲೆಯ ಖರ್ಚಿನಲ್ಲೇ ಹತ್ತಿರದ ಕಮ್ಯುನಿಟಿ ಕಾಲೇಜಿಗೆ (ಸ್ಥಳೀಯ ಸರ್ಕಾರಿ ಕಾಲೇಜಿಗೆ) ಹೋಗುವ ವ್ಯವಸ್ಥೆ ಕೆಲವು ರಾಜ್ಯಗಳಲ್ಲಿದೆ. ಮ್ಯಾಸಚೂಸೆಟ್ಸ್ 2007ರಿಂದ ಇದನ್ನು ಮಾಡುತ್ತಿದೆ. ಸಹಿ ಹಾಕುವ ಮುಂಚೆ ಶಾಲೆಯವರನ್ನು ಕೇಳಿ.

ಕಾಲೇಜು ನೋಡಲು ಹೋಗುವವರಿಗೆ ನನ್ನದೊಂದು ಸಲಹೆ. ಅವರು ತೋರಿಸುವ ವಿಡಿಯೋ, ಕೊಡುವ ಹೊಳೆಯುವ ಪುಸ್ತಿಕೆ ಆಮೇಲೆ ನೋಡಿ. ಮಧ್ಯಾಹ್ನ ಊಟದ ಹೊತ್ತಿಗೆ ಹೋಗಿ ಡೈನಿಂಗ್ ಹಾಲಿನಲ್ಲಿ ಕೂತುಕೊಳ್ಳಿ. ಆ ಕಾರ್ಯಕ್ರಮದ ವಿದ್ಯಾರ್ಥಿಗಳೆಲ್ಲ ಒಂದೇ ಟೇಬಲ್ಲಿನಲ್ಲಿ, ಸಿಬ್ಬಂದಿಯ ಕಣ್ಗಾವಲಿನಲ್ಲಿ ತಿನ್ನುತ್ತಿದ್ದಾರಾ ನೋಡಿ. ಅಥವಾ ಯಾರು ಯಾರೆಂದು ಹುಡುಕುವುದೇ ಕಷ್ಟ ಆಗುವ ಹಾಗೆ ಅಲ್ಲಲ್ಲಿ ಸೇರಿಹೋಗಿದ್ದಾರಾ? ಎರಡನೇ ವರ್ಷದ ಒಬ್ಬ ವಿದ್ಯಾರ್ಥಿಯ ಹತ್ತಿರ, ಸಿಬ್ಬಂದಿ ಇಲ್ಲದಾಗ, ಇಲ್ಲಿ ಏನು ಇಷ್ಟ ಇಲ್ಲ ಅಂತ ಕೇಳಿ. ಥಟ್ಟನೆ ಒಂದು ದೂರು ಹೇಳಿದರೆ ಒಳ್ಳೆಯ ಜಾಗ ಅಂತ ನಾನು ತಿಳಿಯುತ್ತೇನೆ. ಆಮೇಲೆ ನಿಮ್ಮ ಮಗಳನ್ನು ಅಲ್ಲೇ ಅವರ ಜೊತೆ ಬಿಟ್ಟು, ನೀವು ಹೊರಗೆ ಹೋಗಿ ಒಂದು ಕಾಫಿ ಕುಡಿದು ಬನ್ನಿ. ವಾಪಸ್ ಬಂದಾಗ "ಚೆನ್ನಾಗಿತ್ತಾ?" ಅಂತ ಕೇಳಬೇಡಿ, ಅದಕ್ಕೆ ಹೂಂ ಅಂದುಬಿಡುತ್ತಾರೆ. "ಯಾರ ಜೊತೆ ಮಾತಾಡಿದೆ? ಏನು ಮಾತಾಡಿದೆ?" ಅಂತ ಕೇಳಿ, ಉತ್ತರ ಬರುವ ತನಕ ಕಾಯಿರಿ.